ಓದುವ ಹುಡುಗಿಗೆ ಕಳಿಸಿದ ಅಕ್ಕಿ

ಹನುಮಕ್ಕ ಟೀಚರು ವಿಜಯನಗರದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಬಹಳ ವರ್ಷ ಶರೀರಶಾಸ್ತ್ರ ಕಲಿಸಿದರು. ಪಾಸಾದ ಹುಡುಗಿಯರು ಪೇಡೆ ಹಿಡಿದು ಬಂದು, ಕಾಲೇಜಿಗೆ ಸೇರುತ್ತೇನೆ, ರೂಮು ಮಾಡಿಕೊಂಡಿರುತ್ತೇನೆ ಎಂದರೆ ಅವರು ಮಾರ್ಕ್ಸು ಕೇಳುತ್ತಿರಲಿಲ್ಲ. "ರೂಮಲ್ಲಿ ಏನು ತಿಂತೀಯ?" ಎಂದು ಕೇಳುತ್ತಿದ್ದರು. ಈ ಪ್ರಶ್ನೆಗೆ ಟೀಚರಿಗೆ ಸ್ವಂತದ ಕಾರಣವಿತ್ತು.

ಅವರ ಊರು ಕೆಂಗೇರಿಯಿಂದ ಗಾಡಿದಾರಿಯಲ್ಲಿ ಇನ್ನೂ ಒಳಗೆ. ತಂದೆ ಮುನಿವೆಂಕಟಪ್ಪನಿಗೆ ಕೆರೆಯ ಕೆಳಗೆ ಒಂದಿಷ್ಟು ಗದ್ದೆ, ಮೇಲೆ ಹೊಲ ಇದ್ದವು. ಗದ್ದೆಯ ಭತ್ತ ಮಾರುವುದಕ್ಕೆ, ಹಬ್ಬಕ್ಕೆ ಮತ್ತು ನೆಂಟರಿಗೆ. ಹೊಲದ ರಾಗಿ ಮನೆಮಂದಿಗೆ. ಆ ಸೀಮೆಯ ಒಕ್ಕಲು ಮನೆಗಳಲ್ಲೆಲ್ಲ ಇದೇ ಪದ್ಧತಿ. ರಾಗಿ ಮುದ್ದೆಗೆ ಅಲ್ಲಿ ಹಿಟ್ಟು ಎಂದೇ ಹೆಸರು. ಹಿಟ್ಟು ದುಡಿಯುವವರ ಊಟ, ಅನ್ನ ಮರ್ಯಾದೆಯ ಊಟ. ಮನೆಗೆ ಕಂದಾಯದ ಶೇಕ್‌ದಾರರು ಬಂದರೆ ಅನ್ನ ಬಸಿಯುತ್ತಿದ್ದರು, ಅಳಿಯ ಬಂದರೂ ಬಸಿಯುತ್ತಿದ್ದರು.

ತಾಯಿಯಿಲ್ಲದ ಹನುಮಕ್ಕನನ್ನು ಸಾಕಿದವಳು ಅಜ್ಜಿ ಅಕ್ಕಯ್ಯಮ್ಮ. ಓದಿಸಿದವನು ತಂದೆ. ಸಾವಿರದ ಒಂಬೈನೂರ ಐವತ್ನಾಲ್ಕರಲ್ಲಿ ಅವಳು ಇಂಟರ್‌ಮೀಡಿಯೆಟ್ಟಿಗೆ ಸೇರಿದಾಗ ಆ ಊರಿನಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣಾದಳು. ದಿನಾ ಹೋಗಿ ಬರುವ ದಾರಿಯಲ್ಲ. ಪರಿಚಯದವರೊಬ್ಬರ ಮಾತಿನ ಮೇಲೆ ರಾಜಾಜಿನಗರದಲ್ಲಿ ಯಶೋದಮ್ಮ ಎಂಬುವರ ಮನೆಯ ಹೊರಕೋಣೆ ಸಿಕ್ಕಿತು. ರಾಜಾಜಿನಗರವೆಂದರೆ ಆಗ ಗೆರೆ ಎಳೆದಂಥ ರಸ್ತೆಗಳು, ಅಲ್ಲೊಂದು ಇಲ್ಲೊಂದು ಹೊಸ ಮನೆ, ನಡುನಡುವೆ ಇನ್ನೂ ಯಾರೋ ಬಿತ್ತುತ್ತಿದ್ದ ಹುರುಳಿ ಹೊಲ.

ಯಶೋದಮ್ಮ ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಹನುಮಕ್ಕನಿಗಿಂತ ಮುಂಚೆ ಆ ಕೋಣೆಯಲ್ಲಿದ್ದ ಗುಮಾಸ್ತನೊಬ್ಬ ಸೀಮೆಎಣ್ಣೆ ಸ್ಟೌ ಉರುಳಿಸಿ ಕಿಟಕಿಯ ಬಾಗಿಲನ್ನು ಸುಟ್ಟಿದ್ದ. ಆ ಕರಿಯ ಕಲೆಯನ್ನು ಅವರು ಒರೆಸಲು ಬಿಟ್ಟಿರಲಿಲ್ಲ.

"ನೋಡಮ್ಮ, ಇಲ್ಲಿ ಬೆಂಕಿಪೊಟ್ಟಣ ಕೂಡ ಇರಕೂಡದು," ಎಂದರು ಮೊದಲ ದಿನವೇ. "ನಿಮ್ಮಪ್ಪ ಅಕ್ಕಿ ಕಳಿಸಲಿ. ನನ್ನ ಪಾತ್ರೇಲೇ ನಿಂದೂ ಬೇಯುತ್ತೆ. ಎರಡು ಸೌಟು ಸಾರು ಹಾಕ್ತೀನಿ. ಅದರ ಮೇಲೆ ನನ್ನನ್ನ ಏನೂ ಕೇಳಬೇಡ."

ಮುನಿವೆಂಕಟಪ್ಪ ಅಕ್ಕಿ ಕಳಿಸಿದ. ಬರಿಯ ಅಕ್ಕಿಯಲ್ಲ, ಹೊಸದಾಗಿ ಬಂದ ಮಿಲ್ಲಿಗೆ ಹಾಕಿಸಿ, ಎರಡೆರಡು ಸಲ ಪಾಲಿಷು ಮಾಡಿಸಿ, ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗಾದ ಅಕ್ಕಿ. ಅಜ್ಜಿ ಒಂದು ಗಂಟು ರಾಗಿಹಿಟ್ಟನ್ನೂ ಗಾಡಿಗೆ ಇಡಲು ಬಂದಾಗ ಅವನು ಅದನ್ನು ಕೆಳಗಿಳಿಸಿದ.

"ಓದೋ ಮಗೀಗೆ ಯಾಕವ್ವ ರಾಗಿ? ತಲೆ ಮಂದ ಆಯ್ತದೆ. ಮುನಿವೆಂಕಟಪ್ಪ ಮಗಳನ್ನ ಕಾಲೇಜಿಗೆ ಸೇರಿಸಿ ಹಿಟ್ಟು ತಿನ್ನಿಸ್ತಾವ್ನೆ ಅಂತ ಪ್ಯಾಟೆಯೋರು ಆಡ್ಕೊಳ್ಳಲಿ ಅಂತೀಯಾ?"

"ನೀನು ತಿಂದು ಮಂದ ಆದೆಯಾ?" ಎಂದಳು ಅಕ್ಕಯ್ಯಮ್ಮ.

"ನಾನೇನು ಓದಿದ್ನಾ?"

ಅಜ್ಜಿ ಗಂಟನ್ನು ಒಳಕ್ಕೆ ಒಯ್ದಳು. ಅಪ್ಪನಂತೆ ಹನುಮಕ್ಕನಿಗೂ ದಿನಾ ಅನ್ನ ಉಣ್ಣುವುದು ಹೆಚ್ಚುಗಾರಿಕೆಯ ಸಂಗತಿಯಾಗಿಯೇ ಕಂಡಿತ್ತು.

ಎರಡು ಹೊತ್ತೂ ಬೆಳ್ಳಗಿನ ಅನ್ನ, ತೆಳ್ಳಗಿನ ಸಾರು. ಬೆಳಿಗ್ಗೆ ಕಾಫಿ. ಮಧ್ಯಾಹ್ನ ಹಸಿವಾದರೆ ಬೇಕರಿಯ ಬನ್ನು. ಯಶೋದಮ್ಮ ಕೆಟ್ಟವರಲ್ಲ, ಆದರೆ ಒಬ್ಬರಿಗಾಗಿ ಪಲ್ಯ ಮಾಡುವುದನ್ನು ಬಿಟ್ಟು ಕಾಲವಾಗಿತ್ತು. ದಸರೆಯ ಹೊತ್ತಿಗೆ ಹನುಮಕ್ಕನ ಬಾಯಿಯ ಎರಡೂ ಅಂಚು ಒಡೆದವು. ಕೂತರೆ ಕಾಲು ಜೋಮು ಹಿಡಿಯುತ್ತಿತ್ತು. ಪ್ರಯೋಗಶಾಲೆಯ ಮಹಡಿ ಹತ್ತುವಾಗ ಅರ್ಧದಲ್ಲಿ ನಿಂತು, ಪುಸ್ತಕ ಬಿಚ್ಚಿ ನೋಡುವವಳಂತೆ ನಟಿಸಿ ಸುಧಾರಿಸಿಕೊಳ್ಳುತ್ತಿದ್ದಳು. ಓದಿನ ಆಯಾಸ ಎಂದುಕೊಂಡಳು. ಕಾಲೇಜು ಕಂಡಿದ್ದ ಹುಡುಗಿಯೂ ಊರಿನವರಂತೆಯೇ ಯೋಚಿಸಿದಳೆಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ.

ದೀಪಾವಳಿಗೆ ಊರಿಗೆ ಹೋದಳು. ಆ ಮನೆಯಲ್ಲಿ ಒಂದು ರೂಢಿಯಿತ್ತು. ಹೊರಗಿನಿಂದ ಬಂದ ಹೆಣ್ಣುಮಗಳು ಮಾರನೆಯ ದಿನ ಒಲೆಯ ಮುಂದೆ ಕೂತು ಇಡೀ ಮನೆಗೆ ಹಿಟ್ಟು ತೊಳಸಬೇಕು. ಮದುವೆಯಾಗಿ ಹೋದವಳನ್ನು ಗಂಡನ ಮನೆಯವರು ಹೇಗೆ ನೋಡಿಕೊಳ್ಳುತ್ತಿದ್ದಾರೆ ಎಂದು ಬಾಯಿಬಿಟ್ಟು ಕೇಳುವ ಅಗತ್ಯವೇ ಇರುತ್ತಿರಲಿಲ್ಲ. ಆಳುಕಾಳು ಸೇರಿ ಅಷ್ಟು ಜನಕ್ಕಾಗುವ ಮಡಕೆ, ಕುದಿಯುವ ಹಿಟ್ಟು, ಅದರಲ್ಲಿ ಕೋಲಾಡಿಸುವ ತೋಳು ಎಲ್ಲವನ್ನೂ ಹೇಳಿಬಿಡುತ್ತಿದ್ದವು.

ಹನುಮಕ್ಕ ಹನ್ನೆರಡು ವರ್ಷದವಳಿದ್ದಾಗಿನಿಂದ ಆ ಮಡಕೆಗೆ ಕೋಲು ಹಾಕಿದವಳು. ಈ ಸಲ ಹಿಟ್ಟು ಬಿಗಿಯಾಗುತ್ತಿದ್ದಂತೆ ತೋಳು ನಿಂತುಹೋಯಿತು. ಮತ್ತೊಮ್ಮೆ ಎಳೆದಳು. ಕೋಲು ಹಿಟ್ಟಿನೊಳಗೆ ಗೂಟದಂತೆ ನಿಂತಿತು. ಅಪ್ಪನ ತಮ್ಮನ ಹೆಂಡತಿ ಚಿಕ್ಕಮ್ಮ ಬಂದು ಕೋಲು ತೆಗೆದುಕೊಂಡಳು. ಬಾಗಿಲಲ್ಲಿ ನಿಂತಿದ್ದ ಮುನಿವೆಂಕಟಪ್ಪ ನೋಡಿದ.

ಊಟವಾದ ಮೇಲೆ ಜಗುಲಿಯಲ್ಲಿ ಹೇಳಿದ: "ಸಾಕು ಕಣವ್ವ. ಓದು ನಿನ್ನ ಮೈಗೆ ಹಿಡೀಲಿಲ್ಲ. ಪೆಟ್ಟಿಗೆ ತರಿಸ್ತೀನಿ."

"ಅಪ್ಪಾ, ಸಂಕ್ರಾಂತಿ ತನಕ ಬಿಡು."

"ಸಂಕ್ರಾಂತಿಗೆ ಏನಾಯ್ತದೆ?"

"ಬಂದು ಇದೇ ಮಡಕೇಲಿ ಹಿಟ್ಟು ತೊಳಸ್ತೀನಿ. ಆಗಲಿಲ್ಲ ಅಂದ್ರೆ ನಾನೇ ಪುಸ್ತಕ ಕಟ್ಟಿಡ್ತೀನಿ. ನೀನು ಹೇಳೋದು ಬೇಡ."

ಮುನಿವೆಂಕಟಪ್ಪ ಹೂಂ ಅಂದ. ಮಾತು ಕೊಟ್ಟದ್ದಾಯಿತು, ಅದನ್ನು ಉಳಿಸಿಕೊಳ್ಳುವುದು ಹೇಗೆಂದು ಅವಳಿಗೆ ತಿಳಿದಿರಲಿಲ್ಲ. ಅಪ್ಪ ಮಗಳ ಆರೈಕೆಗೆಂದು ಮತ್ತೊಂದು ಮೂಟೆ ಅಕ್ಕಿಯನ್ನು ಗಾಡಿಗೆ ಹಾಕಿಸಿದ.

ಕಾಲೇಜು ತೆರೆದ ವಾರದಲ್ಲೇ ಲೆಕ್ಚರರು ಆಹಾರದ ಪಾಠ ತೆಗೆದುಕೊಂಡರು. ದೂರದ ಯಾವುದೋ ದ್ವೀಪದಲ್ಲಿ ಕೋಳಿಗಳಿಗೆ ಪಾಲಿಷು ಮಾಡಿದ ಅಕ್ಕಿಯನ್ನೇ ಹಾಕಿದರಂತೆ. ಕೋಳಿಗಳ ಕಾಲಿನ ಬಲ ಹೋಗಿ ಕುಸಿದು ಬಿದ್ದವಂತೆ. ಅಕ್ಕಿಯ ತೌಡು ತಿನ್ನಿಸಿದಾಗ ಎದ್ದು ಓಡಾಡಿದವಂತೆ. ಲೆಕ್ಚರರು ತೂರಾಡುವ ಕೋಳಿಯನ್ನು ಕೈಯಲ್ಲಿ ಅಭಿನಯಿಸಿ ತೋರಿಸಿದರು. ತರಗತಿಯೆಲ್ಲ ನಕ್ಕಿತು, ಹನುಮಕ್ಕನೂ ನಕ್ಕಳು, ನೋಟ್ಸು ಬರೆದುಕೊಂಡಳು.

ಸಂಜೆ ಯಶೋದಮ್ಮ ತಟ್ಟೆಗೆ ಅನ್ನ ಬಡಿಸಿದರು. ಹನುಮಕ್ಕ ಅನ್ನವನ್ನು ನೋಡುತ್ತ ಕೂತಳು.

"ಯಾಕೆ, ಹುಳ ಇದೆಯಾ?"

"ಇಲ್ಲ ಯಶೋದಮ್ಮನೋರೆ. ಇಷ್ಟು ಬೆಳ್ಳಗಿರೋ ಅಕ್ಕೀಲಿ ಹುಳಾನೂ ಬದುಕಲ್ಲ."

ಪಾಠದ ಕೋಳಿ ಬೇರೆ ಯಾರೂ ಅಲ್ಲ, ತಾನೇ ಎಂದು ತಿಳಿದ ಮೇಲೆ ಮುಂದಿನದು ಕಷ್ಟವಾಗಲಿಲ್ಲ ಎಂದು ಯಾರೂ ತಿಳಿಯಬಾರದು. ಅಪ್ಪನಿಗೆ ರಾಗಿ ಕಳಿಸೆಂದು ಹೇಳಿ ಕಳಿಸಿದರೆ ಅವನ ಮರ್ಯಾದೆಗೆ ಕುಂದು. ನಿನ್ನ ಅಕ್ಕಿಯಿಂದಲೇ ಹೀಗಾಯಿತು ಎಂದರೆ ಅವನು ನಂಬುವುದಿಲ್ಲ. ಪ್ಯಾಟೆ ಗಾಳಿಯಿಂದ ಎನ್ನುತ್ತಾನೆ, ಪೆಟ್ಟಿಗೆ ತರಿಸುತ್ತಾನೆ. ರಾಗಿ ಸಿಕ್ಕಿದರೂ ಬೇಯಿಸುವುದಕ್ಕೆ ಒಲೆಯಿಲ್ಲ. ಹಾಗಾದರೆ ಬೆಂಕಿಯಿಲ್ಲದೆ ತಿನ್ನುವಂಥದ್ದು ಏನೇನಿದೆ? ಅವಳು ಊರಿನ ಅಡಿಗೆಮನೆಯನ್ನು ಮೂಲೆಮೂಲೆಯಾಗಿ ನೆನೆದಳು. ಬೇಸಾಯದ ದಿನಗಳಲ್ಲಿ ಅಜ್ಜಿ ಹೊಲಕ್ಕೆ ಕಟ್ಟಿಕೊಡುತ್ತಿದ್ದ ಹುರಿಹಿಟ್ಟು ನೆನಪಾಯಿತು. ರಾಗಿಯನ್ನು ಅರಳಾಗುವಂತೆ ಹುರಿದು ಬೀಸಿಟ್ಟರೆ ಅದಕ್ಕೆ ಮತ್ತೆ ಒಲೆ ಬೇಡ. ಮಜ್ಜಿಗೆಯಲ್ಲೋ ಬೆಲ್ಲದ ನೀರಲ್ಲೋ ಕಲಸಿದರೆ ಮುಗಿಯಿತು.

ಹಿಂದಿನ ಬೀದಿಯಲ್ಲಿ ಬಟ್ಟೆ ಗಿರಣಿಯ ಕೆಲಸಗಾರನೊಬ್ಬನ ಹೆಂಡತಿ ಅಂಜಮ್ಮ ಇದ್ದಳು. ಅವಳ ತವರಿನಿಂದ ರಾಗಿ ಬರುತ್ತಿತ್ತು. ನಲ್ಲಿಯ ಹತ್ತಿರ ಹನುಮಕ್ಕ ಮಾತು ತೆಗೆದಳು.

"ಅಂಜಕ್ಕ, ನಮ್ಮೂರ ಅಕ್ಕಿ ಕೊಡ್ತೀನಿ. ಅಷ್ಟೇ ರಾಗಿ ಹುರಿದು ಬೀಸಿ ಕೊಡ್ತೀಯಾ?"

ಅಂಜಮ್ಮ ಕೊಡ ಕೆಳಗಿಟ್ಟಳು. "ಅಕ್ಕಿ ಕೊಟ್ಟು ರಾಗಿ ಈಸ್ಕೊತೀಯಾ? ಓದಿದೋರಿಗೆ ತಲೆ ಕೆಡುತ್ತೆ ಅಂತಿದ್ರು, ನಾನು ನಂಬಿರಲಿಲ್ಲ."

"ಕೆಟ್ಟಿರೋದು ಕಾಲು. ತಲೆ ಸರಿಯಾಗೈತೆ."

"ಅಳತೆಗೆ ಅಳತೆ ಬೇಡ ಕಣವ್ವ, ಪಾಪ ಬರುತ್ತೆ. ಜೊತೇಲಿ ಹುರುಳಿ, ಹೆಸರುಕಾಳು ಹಾಕ್ತೀನಿ. ಮಕ್ಕಳು ಅನ್ನ ಅನ್ನ ಅಂತ ಪ್ರಾಣ ತಿಂತವೆ, ತಿಂದು ಸಾಯಲಿ."

"ಸಾಯೋದು ಬೇಡ. ಅನ್ನದ ಜೊತೆ ಸೊಪ್ಪು ಹಾಕು. ರಾಗಿ ನಿಲ್ಲಿಸಬೇಡ," ಎಂದಳು ಹನುಮಕ್ಕ.

ಮೊದಮೊದಲು ಎಡವಟ್ಟುಗಳಾದವು. ಮೊಳಕೆಗೆಂದು ಒದ್ದೆ ಬಟ್ಟೆಯಲ್ಲಿ ಕಟ್ಟಿದ ಕಾಳು ಗಾಳಿಯಾಡದೆ ಲೋಳೆಯಾಗಿ ನಾರಿತು. ಹಸಿ ಹುರುಳಿಯನ್ನು ಆಸೆಗೆ ಬಿದ್ದು ತಿಂದು ಒಂದು ದಿನವೆಲ್ಲ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಹುರುಳಿಯನ್ನು ಅಂಜಮ್ಮನಿಗೇ ವಾಪಸು ಕೊಟ್ಟು ಹೆಸರುಕಾಳಿಗೆ ಅಂಟಿಕೊಂಡಳು. ಸುಟ್ಟ ಕಿಟಕಿಯ ಸರಳಿಗೆ ಬಟ್ಟೆಯನ್ನು ಸಡಿಲವಾಗಿ ತೂಗುಹಾಕಿದಾಗ ಮೊಳಕೆ ಸರಿಯಾಗಿ ಬಂತು. ಆಗಲೇ ಯಶೋದಮ್ಮ ಅದನ್ನು ಕಂಡದ್ದು.

"ಏನೇ ಇದು, ಮನೇನ ಕುದುರೆ ಲಾಯ ಮಾಡಿದೀಯಾ?"

"ಬೆಂಕಿ ಹಚ್ಚಿಲ್ಲ ಯಶೋದಮ್ಮನೋರೆ."

"ಅದು ಕಾಣುತ್ತೆ. ಹಸೀದೇ ತಿಂತೀಯಾ?"

"ಸೌತೆಕಾಯಿ ಹೆಚ್ಚಿಹಾಕಿ, ಉಪ್ಪು, ನಿಂಬೆಹುಳಿ ಹಾಕಿದರೆ ನೀವು ರಾಮನವಮಿಗೆ ಮಾಡೋ ಕೋಸಂಬರಿಯೇ."

"ವರ್ಷವೆಲ್ಲ ರಾಮನವಮಿ ನಿನಗೆ," ಎಂದು ಯಶೋದಮ್ಮ ಒಂದು ಚಮಚ ಬಾಯಿಗೆ ಹಾಕಿಕೊಂಡರು. "ಉಪ್ಪು ಕಡಿಮೆ." ಮಾರನೆಯ ದಿನದಿಂದ ಸಾರಿನ ಸೌಟಿನ ಜೊತೆ ಒಂದು ಬಟ್ಟಲು ಗಟ್ಟಿ ಮಜ್ಜಿಗೆಯೂ ಬರತೊಡಗಿತು. ಅವರು ಕೇಳಲಿಲ್ಲ, ಆದರೆ ಹನುಮಕ್ಕನೂ ಕೋಸಂಬರಿಯಲ್ಲಿ ಅವರ ಪಾಲು ಎತ್ತಿಡುವುದನ್ನು ಕಲಿತಳು.

ಬೆಳಿಗ್ಗೆ ಮಜ್ಜಿಗೆಯಲ್ಲಿ ಕಲಸಿದ ಹುರಿಹಿಟ್ಟು. ಮಧ್ಯಾಹ್ನ ಬನ್ನಿನ ಬದಲು ನೆನೆಸಿದ ಕಡಲೆಕಾಯಿ ಬೀಜ, ಬೆಲ್ಲ, ಒಂದು ಸೀಬೆಹಣ್ಣು. ಸಂಜೆ ಅರ್ಧ ಅನ್ನ, ಅಷ್ಟೇ ಕೋಸಂಬರಿ. ಕಾರ್ತಿಕ ಕಳೆಯುವ ಹೊತ್ತಿಗೆ ನೆಲ್ಲಿಕಾಯಿ ಬಂತು. ಜೊತೆಯ ಹುಡುಗಿಯರು ಹೋಟೆಲಿನ ದೋಸೆಗೆ ಕರೆದರೆ ಹೋಗುತ್ತಿದ್ದಳು, ಅವಳು ಸಂನ್ಯಾಸಿನಿಯಲ್ಲ. ಬಾಯಿಯ ಅಂಚು ಮೊದಲು ಮಾಯಿತು. ಕಾಲಿನ ಜೋಮು ಅಷ್ಟು ಬೇಗ ಬಿಡಲಿಲ್ಲ. ಧನುರ್ಮಾಸದ ಚಳಿಯಲ್ಲಿ ಒಂದು ಬೆಳಿಗ್ಗೆ ಅವಳು ಮಹಡಿಯ ಮೇಲಿನ ಮೆಟ್ಟಿಲು ಮುಟ್ಟಿದ ಮೇಲೆ, ದಾರಿಯಲ್ಲಿ ಪುಸ್ತಕ ಬಿಚ್ಚಲೇ ಇಲ್ಲವೆಂಬುದು ಗಮನಕ್ಕೆ ಬಂತು.

ಸಂಕ್ರಾಂತಿಯ ಮಾರನೆಯ ದಿನ ಒಲೆಯ ಮುಂದೆ ಕೂತಳು. ಚಿಕ್ಕಮ್ಮಂದಿರು ಗೋಡೆಗೆ ಒರಗಿ ನಿಂತರು. ಅಜ್ಜಿ ಮಡಕೆಯನ್ನು ಎರಡು ಕಡೆ ಹಿಡಿದುಕೊಂಡಳು. ಹಿಟ್ಟು ಬಿಗಿಯಾಯಿತು. ಹನುಮಕ್ಕ ಮಂಡಿ ಊರಿ, ಭುಜ ಬಾಗಿಸಿ ಕೋಲನ್ನು ಎಳೆದಳು. ಕೋಲು ತಿರುಗಿತು. ಮತ್ತೆ ಎಳೆದಳು, ಮತ್ತೆ ತಿರುಗಿತು. ಬೆವರು ಕಣ್ಣಿಗೆ ಇಳಿದರೂ ಹಿಟ್ಟು ಒಂದಾಗುವ ತನಕ ಕೈ ಬಿಡಲಿಲ್ಲ. ಉಂಡೆ ಕಟ್ಟಿ ಮೊದಲನೆಯದನ್ನು ಅಪ್ಪನ ತಟ್ಟೆಗೆ ಇಟ್ಟಳು.

ಮುನಿವೆಂಕಟಪ್ಪ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗಿದ. ಎರಡನೆಯ ತುತ್ತಿನಲ್ಲಿ ಬೇಯದ ಗಂಟು ಸಿಕ್ಕಿತು. ತೆಗೆದು ತಟ್ಟೆಯ ಅಂಚಿಗೆ ಇಟ್ಟ.

"ತೋಳಿಗೆ ಬಲ ಬಂದೈತೆ," ಎಂದಳು ಅಕ್ಕಯ್ಯಮ್ಮ. "ಹದ ಮರ್ತೋಗೈತೆ."

"ಹದ ಬತ್ತದೆ ಬಿಡವ್ವ," ಎಂದ ಮುನಿವೆಂಕಟಪ್ಪ. ಮುಖ ಅರಳಿತ್ತು. "ನಾ ಹೇಳಿರಲಿಲ್ವಾ? ಅಕ್ಕಿ ಮೈಗೆ ಹಿಡಿಯಾಕೆ ಒಂದೀಟು ಕಾಲ ಬೇಕು. ಇನ್ನೊಂದು ಮೂಟೆ ಮಿಲ್ಲಿಂದ ತರಿಸಿವ್ನಿ."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೂಟೆ ಬರುತ್ತಿತ್ತು, ಅಂಜಮ್ಮನ ಮನೆಗೆ ಹೋಗುತ್ತಿತ್ತು. ಆದರೆ ಅಪ್ಪ ನಾಳೆ ತನ್ನ ತಮ್ಮಂದಿರ ಮಕ್ಕಳಿಗೂ ಇದೇ ಅಕ್ಕಿ ತಿನ್ನಿಸಿ ಓದಿಗೆ ಕಳಿಸುತ್ತಾನೆ ಎಂದು ಹನುಮಕ್ಕನಿಗೆ ಹೊಳೆಯಿತು.

"ಅಪ್ಪಾ, ಆ ಅಕ್ಕಿ ನಾನು ಉಂಡಿದ್ದು ಕಮ್ಮಿ. ಕೊಟ್ಟು ರಾಗಿ ಈಸ್ಕೊಂಡೆ."

ಮುನಿವೆಂಕಟಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ನಾ ಕಳಿಸಿದ ಅಕ್ಕಿ ಯಾರದೋ ಮನೇಲಿ ಬೇಯ್ತಿತ್ತಾ?"

"ಗಿರಣಿಯೋರ ಮನೇಲಿ. ಮಕ್ಕಳು ಉಂಡ್ರು. ಹಾಳು ಮಾಡಲಿಲ್ಲ." ಅವಳು ಪಾಠದ ಕೋಳಿಗಳ ಕಥೆ ಹೇಳಿದಳು. ಬಿದ್ದದ್ದನ್ನೂ ಹೇಳಿದಳು, ತೌಡು ತಿಂದು ಎದ್ದದ್ದನ್ನೂ ಹೇಳಿದಳು.

ಅವನು ತಟ್ಟೆಯ ಅಂಚಿನ ಗಂಟನ್ನು ಬೆರಳಲ್ಲಿ ಒತ್ತಿ ಚಪ್ಪಟೆ ಮಾಡಿದ. ಆಮೇಲೆ, "ಕೋಳಿಗೆ ಯಾವ ಪೆದ್ದ ಪಾಲಿಷು ಅಕ್ಕಿ ಹಾಕ್ತಾನೆ?" ಎಂದ.

"ಮಗಳಿಗೆ ಹಾಕೋನು ಕೋಳಿಗೆ ಹಾಕಲ್ವಾ," ಎಂದಳು ಅಕ್ಕಯ್ಯಮ್ಮ.

ಚಿಕ್ಕಮ್ಮಂದಿರು ಸೆರಗು ಬಾಯಿಗೆ ಅಡ್ಡ ಹಿಡಿದರು. ಮುನಿವೆಂಕಟಪ್ಪ ಕೈ ತೊಳೆದು ಹೊರಗೆ ಹೋದ. ಓದು ನಿಲ್ಲಿಸು ಎನ್ನಲಿಲ್ಲ, ಮುಂದುವರಿಸು ಎಂದೂ ಅನ್ನಲಿಲ್ಲ. ಅಜ್ಜಿ ರಾಗಿ ಹುರಿಯಲು ಬಾಣಲೆ ಇಟ್ಟಳು.

ಮರುದಿನ ಹನುಮಕ್ಕ ಪೆಟ್ಟಿಗೆ ಹಿಡಿದು ಹೊರಗೆ ಬಂದಾಗ ಗಾಡಿ ಸಿದ್ಧವಾಗಿತ್ತು. ಹುಲ್ಲಿನ ಮೇಲೆ ಹುರಿಹಿಟ್ಟಿನ ಗಂಟು, ಹೆಸರುಕಾಳು, ಕಡಲೆಕಾಯಿ, ಒಂದು ಬೆಲ್ಲದಚ್ಚು. ಅಪ್ಪ ತಾನೇ ಅವನ್ನೆಲ್ಲ ಜೋಡಿಸಿ, ಎಲ್ಲದರ ಮೇಲೆ ಬೆಳ್ಳಗಿನ ಅಕ್ಕಿಯ ಸಣ್ಣದೊಂದು ಚೀಲವನ್ನು ಬಾಯಿ ತೆರೆದಂತೆಯೇ ಇಟ್ಟಿದ್ದ.

"ಇದು ಯಾಕಪ್ಪ?"

"ಇರಲಿ. ದಾರಿಯುದ್ದಕ್ಕೂ ಜನ ನೋಡ್ತಾರೆ. ಆಮ್ಯಾಕೆ ಆ ಗಿರಣಿಯೋರ ಮಕ್ಕಳಿಗೆ ಕೊಡು."

ಹನುಮಕ್ಕ ಚೀಲ ಚೆಲ್ಲದಂತೆ ಒತ್ತಿ ಹಿಡಿದು ಗಾಡಿಯಲ್ಲಿ ಕೂತಳು. ಅಪ್ಪ ಎತ್ತುಗಳನ್ನು ಕೆಂಗೇರಿಯ ಕಡೆಗೆ ಹೊಡೆದ.