ಮದರ್‌ಬೋರ್ಡಿಗೆ ಹ್ಯಾಕ್ಸಾ ಬ್ಲೇಡ್

ಕಳೆದ ಭಾನುವಾರ ನಮ್ಮ ಮಾವ ಹ್ಯಾಕ್ಸಾ ಬ್ಲೇಡ್ ಕೈಗೆತ್ತಿಕೊಂಡರು. ಎದುರಿಗಿದ್ದದ್ದು ಕಬ್ಬಿಣವಲ್ಲ, ಕಂಪ್ಯೂಟರ್!

ಮಾವ ಅಂದರೆ ನನ್ನ ಗಂಡನ ತಂದೆ. ಭದ್ರಾವತಿಯ ನ್ಯೂ ಟೌನಿನಲ್ಲಿ ವಾಸ, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಈಗ ಅವರಿಗೊಂದು ಹೊಸ ಹುಚ್ಚು. ಯಂತ್ರದ ಭಾಗಗಳನ್ನು ಕಂಪ್ಯೂಟರಿನಲ್ಲಿ ತ್ರೀಡಿ ಚಿತ್ರವಾಗಿ ಬರೆಯುವುದು. ಗೇರ್ ಬರೆದು ತಿರುಗಿಸಲು ಹೋದರೆ ಸಾಕು, ಅವರ ಹಳೇ ಕಂಪ್ಯೂಟರ್ ಕಲ್ಲಿನಂತೆ ನಿಂತುಬಿಡುತ್ತದೆ. (ಅಷ್ಟು ಹೊತ್ತಿನಲ್ಲಿ ಅವರು ನಿಜವಾದ ಗೇರನ್ನೇ ಮಾಡಿ ಮುಗಿಸುತ್ತಿದ್ದರು.) ಹೊಸದು ಕೊಡಿಸುತ್ತೇವೆ ಎಂದರೆ ಬೇಡ. "ಇದ್ರಲ್ಲಿ ಆಗದಿದ್ರೆ ಕಲಿಯೋದೇ ಬಿಡ್ತೀನಿ" ಎಂಬ ಹಟ.

ನಾನು ಜಾಣೆಯಲ್ಲವೇ? ಶಿವಮೊಗ್ಗದಲ್ಲಿ ಇಂಥ ಚಿತ್ರಗಳನ್ನು ಸಲೀಸಾಗಿ ಓಡಿಸುವ ಪುಟ್ಟದೊಂದು ಗ್ರಾಫಿಕ್ಸ್ ಕಾರ್ಡ್ ಕೊಂಡು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಕಂಪ್ಯೂಟರ್ ಬಿಚ್ಚಿದರೆ ಕಾರ್ಡ್ ಉದ್ದ, ಅದು ಕೂರಬೇಕಾದ ಮದರ್‌ಬೋರ್ಡಿನ ಸ್ಲಾಟ್ ಗಿಡ್ಡ! ಅಂಗಡಿಯವನಿಗೆ ಫೋನ್ ಮಾಡಿದೆ.

"ಕಂಪ್ಯಾಟಿಬಲ್ ಅಲ್ಲ ಮೇಡಂ. ಆ ಬೋರ್ಡ್ ಸ್ಕ್ರ್ಯಾಪಿಗೆ ಹಾಕಿ."

ಫೋನ್ ಸ್ಪೀಕರಿನಲ್ಲಿತ್ತು. ಕಾರ್ಖಾನೆಯಲ್ಲಿ ದುಡಿದವರ ಕಿವಿಗೆ ಸ್ಕ್ರ್ಯಾಪ್ ಎಂಬ ಪದ ಬೇರೆಯೇ ಥರ ಬೀಳುತ್ತದೆ. ಮಾವನ ಮುಖ ಇಳಿದುಹೋಯಿತು. ನನಗೆ ಪಿಚ್ಚೆನಿಸಿತು.

ಸ್ವಲ್ಪ ಹೊತ್ತಿಗೆ ಕನ್ನಡಕ ಏರಿಸಿ, ಟಾರ್ಚ್ ಹಿಡಿದು ಸ್ಲಾಟಿನೊಳಗೆ ಇಣುಕಿದರು.

"ಕೂರಲ್ಲ ಅಂದ್ರೆ ಆಯ್ತಾ ಮಾರಾಯ್ತಿ? ಎಲ್ಲಿ ತಡೀತಿದೆ ಅಂತ ನೋಡಿದ್ಯಾ?"

"ಇದು ಎಲೆಕ್ಟ್ರಾನಿಕ್ಸ್ ಮಾವ, ನಿಮಗೆ..."

"ಕಾರ್ಡಿಂದು, ಸ್ಲಾಟಿಂದು ಹಲ್ಲೆಲ್ಲ ಒಂದೇ ಅಳತೆ ಕಣಮ್ಮ. ತುದೀಲಿ ಪ್ಲಾಸ್ಟಿಕ್ ಗೋಡೆ ಅಡ್ಡ ಇದೆ, ಅಷ್ಟೆ. ಅದ್ರಲ್ಲಿ ತಂತಿ ಇಲ್ಲ, ಏನಿಲ್ಲ. ಅದನ್ನ ತೆಗೆದ್ರೆ ಕಾರ್ಡ್ ಕೂರುತ್ತೆ. ಮಿಕ್ಕಿದ್ದು ಹೊರಗೆ ಚಾಚ್ಕೊಂಡಿರ್ಲಿ ಬಿಡು."

ಬೋರ್ಡ್ ಹೊರಗೆ ತೆಗೆದರು. ಪುಡಿ ಬೀಳದಂತೆ ಸುತ್ತ ಟೇಪ್ ಅಂಟಿಸಿದರು. ಮಗುವಿನ ಉಗುರು ಕತ್ತರಿಸುವಷ್ಟು ಮೆಲ್ಲಗೆ ಬ್ಲೇಡ್ ಆಡಿಸಿದರು. "ಶಾಕ್ ಹೊಡೆದೀತು ಕಣ್ರೀ!" ಅತ್ತೆ ಅಡುಗೆಮನೆಯಿಂದಲೇ ಕೂಗಿದರು. (ಪ್ಲಗ್ ಕಿತ್ತು ಒಂದು ಗಂಟೆಯಾಗಿತ್ತು.) ನಾನು ಕಣ್ಣು ಮುಚ್ಚಿಕೊಂಡೆ.

ಗೋಡೆ ಹೋದ ಮೇಲೆ ಬೋರ್ಡನ್ನು ಮತ್ತೆ ಒಳಗಿಟ್ಟು ಕಾರ್ಡ್ ಒತ್ತಿದರು. ಟಕ್ ಎಂದಿತು. ಕಾರ್ಡ್ ಕೂತಿತು! ಕಂಪ್ಯೂಟರ್ ಆನ್ ಆಯಿತು. ಗೇರ್ ನಿಧಾನವಾಗಿ, ಆದರೆ ಎಲ್ಲೂ ನಿಲ್ಲದೆ, ಒಂದು ಸುತ್ತು ತಿರುಗಿತು. ಮಾವ ಅದನ್ನು ಮತ್ತೆ ಮತ್ತೆ ತಿರುಗಿಸಿದರು. ಕಾಫಿ ಆರಿ ತಣ್ಣಗಾದರೂ ಏಳಲಿಲ್ಲ.

ಅಂಗಡಿಯವನಿಗೆ ಫೋಟೋ ಕಳಿಸಿದೆ. "ಸ್ಪೀಡ್ ಕಮ್ಮಿ ಇರುತ್ತೆ, ಪುಟ್ಟ ಕಾರ್ಡ್ ಆಗಿದ್ದಕ್ಕೆ ನಡೀತು. ಆದ್ರೂ ಮೇಡಂ, ಯಾರು ಮಾಡಿದ್ದು?" ಎಂದ. (ನೀವು ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ. ನಿಮ್ಮ ಮನೆಯಲ್ಲಿ ನಮ್ಮ ಮಾವ ಇಲ್ಲ.)

ಹೆಮ್ಮೆಯಿಂದ ಹೇಳಿಕೊಂಡೆ. ಹೇಳುತ್ತಲೇ ನಾಚಿಕೆಯೂ ಆಯಿತು. ಜೀವನವಿಡೀ ಒಂದಕ್ಕೊಂದು ಕೂರಿಸುವುದನ್ನೇ ಕೆಲಸ ಮಾಡಿಕೊಂಡಿದ್ದವರು ಪಕ್ಕದಲ್ಲೇ ಇದ್ದರು. ನಾನು ಫೋನ್ ಮಾಡಿದ್ದು ಶಿವಮೊಗ್ಗಕ್ಕೆ!

ಅಂದಹಾಗೆ, "ಇದೆಲ್ಲ ನಿಮಗೆ ಗೊತ್ತಾಗಲ್ಲ, ಬಿಡಿ" ಎಂದು ನಿಮ್ಮ ಮನೆಯಲ್ಲಿ ಯಾರನ್ನು ಮೂಲೆಯಲ್ಲಿ ಕೂರಿಸಿದ್ದೀರಿ?