ಯಾಕೋಬಪ್ಪನ ಪಾಪನಿವೇದನೆ

ನವಲಿಯ ಯಾಕೋಬಪ್ಪ, ಊರ ಚರ್ಚಿಗೆ ಬಂದುಹೋಗುವ ಫಾದರ್ ಮುಂದೆ ಪಾಪನಿವೇದನೆಗೆ ಕುಳಿತನೆಂದರೆ ಗಂಗಾವತಿಯ ಕೊನೆಯ ಬಸ್ಸು ಅವರನ್ನು ಬಿಟ್ಟೇ ಹೋಗುತ್ತಿತ್ತು. ಎತ್ತಿಗೆ ಬೈದದ್ದು, ಕನಸಿನಲ್ಲಿ ಕೋಳಿ ಕದ್ದದ್ದು, ಅದರ ಸಾರಿಗೆ ಉಪ್ಪು ಸಾಲದೆ ಹೆಂಡತಿಯ ಮೇಲೆ ಸಿಟ್ಟಾದದ್ದು, ಒಂದನ್ನೂ ಬಿಡುತ್ತಿರಲಿಲ್ಲ. ಕಡೆಗೆ ದನಿ ತಗ್ಗಿಸಿ, ಅಣ್ಣ ಸತ್ತ ವರ್ಷ ಅತ್ತಿಗೆಯ ಪಾಳಿಯ ಕಾಲುವೆ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡು ಆಕೆಯ ಭತ್ತ ಒಣಗಿಸಿದ್ದನ್ನು ಹೇಳುತ್ತಿದ್ದ. "ದೇವರು ಎಂದೋ ಕ್ಷಮಿಸ್ಯಾನಪಾ, ಇನ್ನ ಆಕಿನ್ನ ಕೇಳು," ಎನ್ನುತ್ತಿದ್ದರು ಫಾದರ್. ಯಾಕೋಬಪ್ಪ ನೆಟ್ಟಗೆ ಹೋಗಿ ಅತ್ತಿಗೆ ರಾಹೇಲಮ್ಮನ ಮನೆಯ ಕಟ್ಟೆಯ ಮೇಲೆ ಕೂಡುತ್ತಿದ್ದ. ಎಲ್ಲ ಗೊತ್ತಿದ್ದ ಆಕೆ ಚಹಾ ಕೊಟ್ಟು, "ಏನರ ಹೇಳೂದೈತೇನೋ ಯಾಕೋಬಾ?" ಎಂದು ತಾನೇ ದಾರಿ ಮಾಡಿಕೊಡುತ್ತಿದ್ದಳು. "ಹೂಂ ಯಕ್ಕಾ, ಸಕ್ಕರಿ ಸ್ವಲ್ಪ ಕಡಿಮಿ ಆಗೇತಿ," ಎನ್ನುತ್ತಿದ್ದ. ಆಕೆ ಸಕ್ಕರೆಗೆಂದು ಒಳಗೆ ಹೋದ ಮೇಲೆ, ಖಾಲಿ ಬಾಗಿಲಿಗೆ ಸಣ್ಣಗೆ, "ನಂದು ತಪ್ಪಾತು," ಎನ್ನುತ್ತಿದ್ದ. ಆಕೆ ಬಂದೊಡನೆ ಚಹಾ ಊದತೊಡಗುತ್ತಿದ್ದ.