ಮುತ್ತಿನ ಅಂಗಡಿಯ ಚಾ

ನಾನು ಗೌಂಡಿ. ಐದನೇ ಇಯತ್ತೆಗೆ ಸಾಲಿ ಬಿಟ್ಟು ಗಾರೆ ಮೆತ್ತುವ ಕರಣಿ ಹಿಡಿದವನು. ದೇವದುರ್ಗ, ಮಾನ್ವಿ, ರಾಯಚೂರಿನಲ್ಲಿ ನಾನು ಕಟ್ಟಿದ ಗೋಡೆಗಳಲ್ಲಿ ಒಂದೂ ಬಿರುಕು ಬಿಟ್ಟಿಲ್ಲ. ಬೇಕಾದವರು ಹೋಗಿ ನೋಡಬಹುದು. ನಮ್ಮ ಕೆಲಸದಲ್ಲಿ ಕಾಗದ ಪತ್ರ ಇಲ್ಲ. ಮನೆಯ ಮಾಲಕರು ಜಾಗ ತೋರಿಸಿ, ಮಾತು ಮುಗಿಸಿ ಚಾ ಕೊಡುತ್ತಾರೆ. ಕುಡಿದರೆ ಕೆಲಸ ಒಪ್ಪಿದಂತೆ. ಮನಸ್ಸಿಲ್ಲದಿದ್ದರೆ ನಾನು ಕಪ್ಪು ಮುಟ್ಟುವುದಿಲ್ಲ. ಚಾ ಕುಡಿದು ಕೈಬಿಟ್ಟ ಕೆಲಸ ನನ್ನದು ಒಂದೂ ಇಲ್ಲ. ಹೈದರಾಬಾದಿನಲ್ಲಿ ನಾನು ಸಿಕ್ಕಿಬಿದ್ದದ್ದು ಇದರಿಂದಲೇ.

ಹೋದದ್ದು ನನ್ನ ಹೆಂಡತಿಯ ಆಸೆಗೆ. ಆಕೆ ಮಾನ್ವಿಯಲ್ಲಿ ಓದುವಾಗ ಸಾಲಿಯವರು ಗೋಲ್ಕೊಂಡಕ್ಕೆ ಪ್ರವಾಸ ಹೋಗಿದ್ದರು. ಈಕೆಯನ್ನು ಮನೆಯವರು ಕಳಿಸಲಿಲ್ಲ. ಹೋಗಿಬಂದ ಗೆಳತಿಯರು, ಕೋಟೆ ಬಾಗಿಲಲ್ಲಿ ಚಪ್ಪಾಳೆ ಹೊಡೆದರೆ ಗುಡ್ಡದ ತುದಿಗೆ ಕೇಳುತ್ತದೆ ಎಂದು ವರ್ಷವೆಲ್ಲ ಹೇಳಿ ಆಕೆಯ ಹೊಟ್ಟೆ ಉರಿಸಿದ್ದರು. ಮದುವೆಯಾದಾಗಿನಿಂದ ಈ ಚಪ್ಪಾಳೆಯ ಮಾತು ನಾನೂ ಕೇಳುತ್ತಲೇ ಬಂದಿದ್ದೆ. ಹೋದ ವರ್ಷ ಎರಡು ಕೆಲಸದ ನಡುವೆ ಒಂದೇ ದಿನ ಬಿಡುವು ಸಿಕ್ಕಿತು. ರಾಯಚೂರಿನಿಂದ ಬೆಳಗಿನ ರೈಲಿಗೆ ಹೋಗಿ ರಾತ್ರಿ ರೈಲಿಗೆ ತಿರುಗಿ ಬರುವುದು ಎಂದಾಯಿತು.

ಹೈದರಾಬಾದ್ ಸ್ಟೇಷನ್ ಹೊರಗೆ ಆಟೋದವನು ನಮ್ಮ ಮಾತು ಕೇಳಿ ಕನ್ನಡದಲ್ಲೇ ಯಾವೂರು ಎಂದ. ದೇವದುರ್ಗ ಎಂದೆ.

"ಅರೇ ಭಾಯ್, ನಮ್ಮ ತಂಗೀನ್ನ ದೇವದುರ್ಗಕ್ಕ ಕೊಟ್ಟೀವಿ! ನೀವು ನಮ್ಮ ಬೀಗರ ಊರವ್ರು!"

"ದೇವದುರ್ಗದಾಗ ಎಲ್ಲಿ?" ಎಂದಳು ಹೆಂಡತಿ.

"ಬಸ್ ಸ್ಟ್ಯಾಂಡ್ ಹಿಂದ, ಅಕ್ಕಾ."

"ಯಾವ ಊರಾಗ ಬಸ್ ಸ್ಟ್ಯಾಂಡ್ ಹಿಂದ ಮನಿ ಇಲ್ಲ?" ಎಂದು ನನ್ನ ಕಿವಿಯಲ್ಲಿ ಅಂದಳು. ನಾನು ಆಗಲೇ ಹತ್ತಿ ಕೂತಿದ್ದೆ.

ಅರ್ಧ ದಾರಿಯಲ್ಲಿ ಅವನು, "ಗೋಲ್ಕೊಂಡ ಕೋಟಿ ಇವತ್ತ ಬಂದ್ ಅದ, ಯಾರೋ ಮಂತ್ರಿ ಬರಾಕತ್ತಾರ. ಮುತ್ತಿನ ಅಂಗಡಿ ತೋರಸ್ತೀನಿ ಬರ್ರಿ" ಎಂದ. ಹೆಂಡತಿ ಮುಖ ಹೊರಗೆ ಮಾಡಿ ಕೂತಳು.

ಅಂಗಡಿಯಲ್ಲಿ ಮೊದಲು ಬಂದದ್ದು ಇಬ್ಬರಿಗೂ ಚಾ. ನಾನು ಕುಡಿದೆ. ಆಮೇಲೆ ಬಂದವು ಮುತ್ತಿನ ಸರಗಳು. ಅಂಗಡಿಯವನು ಒಂದು ಮುತ್ತಿಗೆ ಲೈಟರ್ ಹಿಡಿದು ತೋರಿಸಿದ, ಕಪ್ಪಾಗಲಿಲ್ಲ. ಅಸಲೋ ನಕಲಿಯೋ ನನಗೆ ಇವತ್ತಿಗೂ ತಿಳಿಯದು. ಅವನು ಜೋರು ಮಾಡಿದ್ದರೆ ಎದ್ದು ಬಿಡುತ್ತಿದ್ದೆ. "ಅಕ್ಕಾರಿಗೆ ಯಾವುದು ಮನಸ್ಸಿಗೆ ಬರ್ತದೋ ನೋಡ್ರಿ" ಎಂದು ನಗುತ್ತ ಕೂತ. ಖಾಲಿ ಕಪ್ಪು ನನ್ನ ಮುಂದೆ ಇತ್ತು. ಹೇಗೆ ಏಳಲಿ?

ಹೆಂಡತಿ ಗಾಳಿಗೆಂದು ಹೊರಗೆ ಹೋದಳು. ಅಲ್ಲಿ ಪೇರಲಹಣ್ಣು ಮಾರುವವಳ ಜೊತೆ ತೆಲುಗಿನಲ್ಲಿ ಮಾತಾಡಿ ತಿರುಗಿ ಬಂದಳು.

"ಏಳ್ರಿ, ಕೋಟಿ ತೆರದದ. ಆಕಿ ತಂಗಿ ಕೋಟಿ ಬಾಗಲದಾಗ ಹಣ್ಣು ಮಾರಾಕತ್ಯಾಳಂತ, ಈಗ ಫೋನ್ ಹಚ್ಚಿ ಕೇಳಿದ್ಲು. ಸಂಜಿಕ ಬಂದ್ ಮಾಡ್ತಾರಂತ."

ಗೋಡೆಯ ಗಡಿಯಾರದಲ್ಲಿ ಮೂರು ದಾಟಿತ್ತು. "ಚಾ ಕುಡಿದೀನಲ್ಲ" ಎಂದೆ.

"ನೀವು ಕುಡಿದೀರಿ. ನಂದು ನೋಡ್ರಿ, ಕೆನಿ ಕಟ್ಟಿ ಅಲ್ಲೇ ಅದ. ಸರ ಹಾಕ್ಕೊಳ್ಳಾಕಿ ನಾನು, ಒಪ್ಪಾಕಿನೂ ನಾನ."

ಖಾಲಿ ಕಪ್ಪನ್ನು ಆಕೆಯ ಕಪ್ಪಿನ ಪಕ್ಕಕ್ಕೆ ಸರಿಸಿ ಎದ್ದೆ.

ಹೊರಗೆ ಆಟೋದವನು ಬಿಡಲಿಲ್ಲ. "ಹೆಂಡ್ತಿಗೆ ಒಂದ್ ಸರ ಕೊಡಸಾಕ ಆಗಂಗಿಲ್ಲ, ಹೈದರಾಬಾದ್ ನೋಡಾಕ ಬಂದಾರ ಸಾಹೇಬ್ರು!" ಎಂದ. ಆ ಮಾತು ನಾಟಿತು. ಅವನಿಗೆ ತೋರಿಸಬೇಕೆಂದೇ ತಿರುಗಿ ಅಂಗಡಿಯ ಮೆಟ್ಟಿಲ ಮೇಲೆ ಕಾಲಿಟ್ಟೆ. ಅಷ್ಟರಲ್ಲಿ ಹೆಂಡತಿ ಸಿಟಿ ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಕೂಗಿದಳು:

"ಬಸ್ಸು ನಿಮ್ಮ ಮರ್ಯಾದಿ ಸಲುವಾಗಿ ನಿಂದ್ರಂಗಿಲ್ಲ, ಬರ್ರಿ!"

ಮಾತಾಡಿದ್ದ ಬಾಡಿಗೆ ಅವನ ಕೈಗಿಟ್ಟು ಓಡಿದೆ.

ಕೋಟೆ ತೆರೆದೇ ಇತ್ತು. ಯಾವ ಮಂತ್ರಿಯೂ ಇರಲಿಲ್ಲ. ಚಪ್ಪಾಳೆ ಹೊಡೆಯಲು ಒಬ್ಬರು ಕೆಳಗೆ ಬೇಕಲ್ಲ, ನಾನು ನಿಂತೆ. "ಮ್ಯಾಲ ಮುಟ್ಟಿ ಫೋನ್ ಮಾಡ್ತೀನಿ, ಮೂರು ಸಲ ಹೊಡೀರಿ" ಎಂದು ಹೇಳಿ ಆಕೆ ಹತ್ತಿದಳು. ಅಲ್ಲಿಯವರೆಗೆ ಕಲ್ಲಿನ ಸಂದುಗಳನ್ನು ನೋಡುತ್ತ ನಿಂತೆ. ಒಳ್ಳೆಯ ಕೆಲಸ. ಮಂದಿ ಇಳಿದು ಹೋಗುವ ಹೊತ್ತು, ಗದ್ದಲ ಕಡಿಮೆಯಾಗಿತ್ತು. ಫೋನ್ ಬಂತು. ಮೂರು ಸಲ ಹೊಡೆದೆ. ಅಷ್ಟು ಎತ್ತರಕ್ಕೆ ಕೇಳುತ್ತದೆಂದು ನಂಬಿಕೆ ಬರಲಿಲ್ಲ. ಬಲ ಹಾಕಿ ಇನ್ನೊಂದು ಹೊಡೆದೆ.

ಆಕೆ ಏದುಸಿರು ಬಿಡುತ್ತ ಇಳಿದು ಬಂದು ಮೊದಲು ಕೇಳಿದ್ದು ಇಷ್ಟೇ:

"ಮೂರು ಅಂದಿದ್ದೆ. ನಾಕ್ಯಾಕ ಹೊಡೆದ್ರಿ?"